ಸಫೋಕ್‌ನ ಕೂಳೆ ಹೊಲಗಳಲ್ಲಿ ನಾಣ್ಯ ಹುಡುಕಿದ್ದು

ಗುರುವಾರ, ಲಂಡನ್

ವೀಸಾ, ವಿಮಾನ, ಹೀಥ್ರೂ ಕ್ಯೂ ಬಗ್ಗೆ ಎಲ್ಲರೂ ಬರೆದಾಗಿದೆ, ಅದು ಬಿಡಿ. ನಾನು ಅಕ್ಕನ ಮನೆಗೆ ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ತಿಂಗಳು ಗೊತ್ತು ಮಾಡಿದ್ದು ಭಾವ. ಇಂಗ್ಲೆಂಡಿನ ಪೂರ್ವಕ್ಕೆ ಸಫೋಕ್ ಅಂತ ಒಂದು ಕೌಂಟಿ, ಅಲ್ಲಿ ಇಪ್ಸ್‌ವಿಚ್ ಊರಲ್ಲಿ ಅವರ ಮನೆ. ಭಾವನಿಗೆ ವಾರಪೂರ್ತಿ ಕಂಪ್ಯೂಟರ್ ಕೆಲಸ, ರಜೆ ಬಂತೆಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹುಚ್ಚು. ಗೋಧಿ, ಬಾರ್ಲಿ ಕೊಯ್ಲು ಮುಗಿದು ಮುಂದಿನ ಬಿತ್ತನೆ ಶುರುವಾಗುವ ಮುಂಚೆ ಕೆಲವೇ ವಾರ ಹೊಲ ಖಾಲಿ ಇರುತ್ತದೆ. "ಆವಾಗ ಬಂದ್ರೆ ಹೊಲಕ್ಕೆ ಕರ್ಕೊಂಡು ಹೋಗ್ತೀನಿ. ಆಮೇಲೆ ಬಂದ್ರೆ ಲಂಡನ್ ಬ್ರಿಡ್ಜ್ ತೋರಿಸಿ ಕಳಿಸ್ತೀನಿ ಅಷ್ಟೇ" ಅಂದಿದ್ದರು.

ಇಪ್ಸ್‌ವಿಚ್ ರೈಲು ಹತ್ತುವ ಮುಂಚೆ ಬ್ರಿಟಿಷ್ ಮ್ಯೂಸಿಯಂ ನೋಡಿಕೊಂಡೇ ಬರಬೇಕು ಅನ್ನುವುದೂ ಅವರದೇ ಅಪ್ಪಣೆ. ಒಳಗೆ ಹೋಗೋಕೆ ದುಡ್ಡಿಲ್ಲ, ಆದರೆ ದೊಡ್ಡ ಸೂಟ್‌ಕೇಸ್ ಬಿಡಲ್ಲ. ಅದನ್ನು ಮೊದಲು ರೈಲ್ವೆ ಸ್ಟೇಷನ್ನಿನ ಲಗೇಜ್ ಕೌಂಟರ್‌ನಲ್ಲಿ ಇಟ್ಟು, ಒಂದು ತಣ್ಣನೆಯ ಚೀಸ್ ಸ್ಯಾಂಡ್‌ವಿಚ್ ನುಂಗಿ, ಸೀದಾ ಮೇಲಿನ ಮಹಡಿಯ 49ನೇ ಕೋಣೆಗೆ ಹೋದೆ. ಜನ ಎಲ್ಲಾ ಕೆಳಗೆ ಈಜಿಪ್ಟಿನ ಹೆಣಗಳ ಹಿಂದೆ ಬಿದ್ದಿರುತ್ತಾರೆ ಅಂದುಕೊಂಡಿದ್ದೆ. ಅವೂ ಮೇಲೇ ಇವೆ, ಆದರೆ ರೋಮನ್ ಕೋಣೆಯಲ್ಲಿ ಆರಾಮಾಗಿ ನಿಂತು ನೋಡುವಷ್ಟು ಜಾಗ ಇತ್ತು.

ಭಾವ ಕಳಿಸಿದ್ದು ಹಾಕ್ಸ್ನ್ ಅನ್ನುವ ಹಳ್ಳಿಯ ನಿಧಿ ನೋಡೋಕೆ. ಅದು ಸಫೋಕ್‌ದೇ ಕಥೆ. 1992ರ ನವೆಂಬರ್‌ನಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಪರಿಚಯದ ಎರಿಕ್ ಲಾಸ್ ಅನ್ನುವವರ ಹತ್ತಿರ ಡಿಟೆಕ್ಟರ್ ಇತ್ತು, ಸ್ವಲ್ಪ ಹುಡುಕಿ ಕೊಡಪ್ಪ ಅಂದ. ಸುತ್ತಿಗೆ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಸುಮಾರು 15,000 ರೋಮನ್ ನಾಣ್ಯ, ಚಿನ್ನದ ಸರ, ಬಳೆ, ಬೆಳ್ಳಿ ಚಮಚಗಳು. ಅವರು ಮಾಡಿದ ದೊಡ್ಡ ಕೆಲಸ ಅಂದರೆ ಅಗೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಪುರಾತತ್ವದವರಿಗೆ ಸುದ್ದಿ ಮುಟ್ಟಿಸಿದ್ದು. ಅದಕ್ಕೇ ಪೆಟ್ಟಿಗೆಯೊಳಗೆ ಯಾವುದರ ಪಕ್ಕ ಯಾವುದನ್ನು ಜೋಡಿಸಿಟ್ಟಿದ್ದರು ಅನ್ನುವುದೂ ಗೊತ್ತಾಯಿತು. 17.5 ಲಕ್ಷ ಪೌಂಡ್ ಬಹುಮಾನ ಬಂತು, ಲಾಸ್ ಅದನ್ನು ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಮ್ಯೂಸಿಯಂನ ಸ್ವತ್ತೇ!

ನಾನು ಜಾಸ್ತಿ ಹೊತ್ತು ನಿಂತಿದ್ದು ಚಿನ್ನದ ಮುಂದೆ ಅಲ್ಲ. ಒಂದು ಪುಟ್ಟ ಬೆಳ್ಳಿ ಗೊಂಬೆ ಇದೆ. ಜಡೆ ಸುತ್ತಿ ತಲೆ ಮೇಲೆ ಕಟ್ಟಿಕೊಂಡ ಹೆಂಗಸು, ಸೊಂಟದವರೆಗೆ ಮಾತ್ರ, ಗೇಣುದ್ದವೂ ಇಲ್ಲ. ಅಲ್ಲಲ್ಲಿ ಚಿನ್ನದ ಲೇಪ. ಒಳಗೆ ಟೊಳ್ಳು. ತಳದಲ್ಲಿ ತಿರುಗಿಸುವ ಬಿಲ್ಲೆ ಇದೆ: ಒಂದು ಕಡೆ ತಿರುಗಿಸಿದರೆ ತುಂಬಿಸೋಕೆ ದೊಡ್ಡ ಬಾಯಿ, ಇನ್ನೊಂದು ಕಡೆ ತಿರುಗಿಸಿದರೆ ಉದುರಿಸೋಕೆ ಸಣ್ಣ ತೂತು, ಮತ್ತೆ ತಿರುಗಿಸಿದರೆ ಪೂರ್ತಿ ಬಂದ್. ಅದು ಮೆಣಸಿನ ಡಬ್ಬಿ. ಅದರಲ್ಲಿ ಉದುರಿಸಿಕೊಳ್ಳುತ್ತಿದ್ದ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ನಾನು ಚಿತ್ರದುರ್ಗದವನು. ಚಂದ್ರವಳ್ಳಿಯಲ್ಲಿ ರೋಮ್‌ನ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿವೆ ಅಂತ ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದರು, 1947ರಲ್ಲಿ ಪುರಾತತ್ವಜ್ಞ ವೀಲರ್ ಬಂದು ಅಗೆಸಿದ ಜಾಗವನ್ನೂ ತೋರಿಸಿದ್ದರು. ನಮ್ಮ ಕಡೆಯ ಸಾಮಾನು ಇಲ್ಲಿಗೆ, ಇವರ ಕಡೆಯ ಕಾಸು ಅಲ್ಲಿಗೆ. ಎರಡೂ ತುದಿ ಮಣ್ಣಲ್ಲೇ ಸಿಕ್ಕಿವೆ ಅನ್ನೋದು ಆ ಗಾಜಿನ ಮುಂದೆ ನಿಂತಾಗ ತಲೆಗೆ ಹೋಯಿತು.

ಶುಕ್ರವಾರ, ಸಟನ್ ಹೂ

ಭಾವನಿಗೆ ಆಫೀಸು, ಅಕ್ಕನಿಗೆ ಆಸ್ಪತ್ರೆ ಡ್ಯೂಟಿ. ನಾನೊಬ್ಬನೇ ಇಪ್ಸ್‌ವಿಚ್‌ನಿಂದ ಸಣ್ಣ ರೈಲು ಹಿಡಿದು ಮೆಲ್ಟನ್‌ನಲ್ಲಿ ಇಳಿದೆ. ಅಲ್ಲಿಂದ ಸಟನ್ ಹೂಗೆ ನಡೆಯಬಹುದು. ಡೆಬೆನ್ ಹೊಳೆ ದಾಟಿದ ಮೇಲೆ ಏರು ರಸ್ತೆ, ಬದಿಯಲ್ಲಿ ಬ್ಲ್ಯಾಕ್‌ಬೆರಿ ಪೊದೆ. ಕೀಳಬಹುದೋ ಬೇಡವೋ ಅಂತ ನಾನು ನೋಡುತ್ತಾ ನಿಂತಿದ್ದಾಗ ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು, "ನಾಯಿ ಕಾಲೆತ್ತುವ ಎತ್ತರಕ್ಕಿಂತ ಮೇಲಿನದು ಕಿತ್ಕೋ" ಅಂದು ನಗುತ್ತಾ ಹೋದರು. ಆ ಸಲಹೆಯನ್ನು ನಾನು ಪೂರ್ತಿ ಪ್ರವಾಸದಲ್ಲಿ ಚಾಚೂ ತಪ್ಪದೆ ಪಾಲಿಸಿದೆ.

ಸಟನ್ ಹೂ ಅಂದರೆ ಹಳೇ ರಾಜರ ಸಮಾಧಿಯ ಮಣ್ಣಿನ ದಿಬ್ಬಗಳು. 1939ರಲ್ಲಿ ಜಮೀನಿನ ಒಡತಿ ಈಡಿತ್ ಪ್ರೆಟಿ ಅವರು ಬೇಸಿಲ್ ಬ್ರೌನ್ ಅನ್ನುವ ಸ್ಥಳೀಯರಿಂದ ಅಗೆಸಿದಾಗ ಒಳಗೆ ಒಂದು ಇಡೀ ಹಡಗೇ ಇತ್ತು, 27 ಮೀಟರ್ ಉದ್ದದ್ದು. ಹಡಗು ಅಂದರೆ ಮರ ಅಲ್ಲ. ಮರಳಿನ ಹುಳಿಗೆ ಮರ, ಮೂಳೆ ಎಲ್ಲಾ ಕರಗಿಹೋಗಿತ್ತು. ಕಬ್ಬಿಣದ ಮೊಳೆಗಳ ಸಾಲು, ಮರಳಿನಲ್ಲಿ ಮೂಡಿದ್ದ ಹಲಗೆಯ ಅಚ್ಚು, ಅಷ್ಟೇ ಉಳಿದಿತ್ತು. ಸತ್ತ ರಾಜನ ಜೊತೆ ಹಡಗಿನಲ್ಲಿ ಹೂತಿದ್ದ ನಿಧಿ ಒಡತಿಯದೇ ಅಂತ ತೀರ್ಮಾನವಾಯಿತು. ಆಕೆ ಅಷ್ಟನ್ನೂ ದೇಶಕ್ಕೆ ಕೊಟ್ಟುಬಿಟ್ಟರು. ಇಲ್ಲಿ ಈಗಿರುವುದು ಹೆಚ್ಚಿನವು ಪ್ರತಿಕೃತಿಗಳು, ಅಸಲಿ ನೋಡೋಕೆ ಬ್ರಿಟಿಷ್ ಮ್ಯೂಸಿಯಂಗೇ ಹೋಗಬೇಕು. ಆದ್ದರಿಂದ ಎರಡೂ ನೋಡುವ ಹಾಗಿದ್ದರೆ ಮೊದಲು ಈ ದಿಬ್ಬ, ಆಮೇಲೆ ಲಂಡನ್ ಇಟ್ಟುಕೊಳ್ಳಿ. ಭಾವ ನನ್ನನ್ನು ಉಲ್ಟಾ ಕಳಿಸಿದ್ದರು.

ನಾಣ್ಯದ ಹುಚ್ಚಿನವರಿಗೆ ಇಲ್ಲೊಂದು ಮಜಾ ವಿಷಯ ಇದೆ. ಹಡಗಿನಲ್ಲಿದ್ದ ಚೀಲದಲ್ಲಿ ಫ್ರಾನ್ಸ್ ಕಡೆಯ 37 ಚಿನ್ನದ ನಾಣ್ಯ, ಅಚ್ಚೇ ಒತ್ತದ ಮೂರು ಬಿಲ್ಲೆ, ಎರಡು ಪುಟ್ಟ ಚಿನ್ನದ ಗಟ್ಟಿ ಇದ್ದವು. 37ರಲ್ಲಿ ಒಂದೂ ಇನ್ನೊಂದರ ಟಂಕಸಾಲೆಯದಲ್ಲ. ನಲವತ್ತು ಹುಟ್ಟು ಹಾಕುವವರಿಗೆ ಒಂದೊಂದು, ಚುಕ್ಕಾಣಿಯವರಿಗೆ ಗಟ್ಟಿ, ಸತ್ತ ರಾಜನನ್ನು ಆಚೆ ದಡಕ್ಕೆ ಮುಟ್ಟಿಸುವ ಕೂಲಿ ಅಂತ ಒಂದು ವಾದ. ಲೆಕ್ಕ ಕೂಡಲಿ ಅಂತಲೇ ಬಿಲ್ಲೆ ಸೇರಿಸಿದ್ದರೆ ಒಪ್ಪುವ ಮಾತೇ. ನನಗಂತೂ ಇಷ್ಟವಾಯಿತು.

ಹೋಟೆಲಿನಲ್ಲಿ ಸ್ಕೋನ್ ತಿನ್ನುತ್ತಾ ಕೂತಿದ್ದಾಗ ಪಕ್ಕದ ಮೇಜಿನ ಹಿರಿಯರು ಮಾತಿಗೆ ಸಿಕ್ಕರು. ನಾಳೆ ಡಿಟೆಕ್ಟರ್ ಹಿಡಿದು ಹೊಲಕ್ಕೆ ಹೋಗ್ತೀನಿ ಅಂದೆ. ಅವರ ಹುಬ್ಬು ಗಂಟಾಯಿತು. "ಹಗಲೋ ರಾತ್ರಿಯೋ?" ಅಂತ ಕೇಳಿದರು. ತಮಾಷೆ ಅಲ್ಲ, ನಿಜವಾಗಿ ಕೇಳಿದ್ದು. ಇಲ್ಲಿಂದ ಕೆಲವೇ ಮೈಲಿ ದೂರದ ರೆಂಡಲ್‌ಶಮ್‌ನಲ್ಲಿ ರಾತ್ರಿ ಹೊತ್ತು ಕಳ್ಳರು ಡಿಟೆಕ್ಟರ್ ತಂದು ಹೊಲ ಅಗೆಯುತ್ತಿದ್ದರಂತೆ. ಜಮೀನಿನವರು ದೂರು ಕೊಟ್ಟ ಮೇಲೆ 2008ರಿಂದ ಕೌಂಟಿಯ ಪುರಾತತ್ವದವರು, ನಂಬಿಕಸ್ಥ ಡಿಟೆಕ್ಟರ್ ಹವ್ಯಾಸಿಗಳನ್ನೇ ಜೊತೆಗೆ ಸೇರಿಸಿಕೊಂಡು ಇಡೀ ಜಮೀನನ್ನು ಅಂಗುಲ ಅಂಗುಲ ಹುಡುಕಿಸಿದರು. ಸಟನ್ ಹೂ ರಾಜರ ಕಾಲದ ಅರಮನೆ ಊರೇ ಅಲ್ಲಿತ್ತು ಅಂತ ಗೊತ್ತಾಯಿತು. ಕಳ್ಳರು ಏನೇನು ಹೊತ್ತುಕೊಂಡು ಹೋದರೋ ದೇವರೇ ಬಲ್ಲ.

ನಮ್ಮ ಕಡೆ ನಿಧಿ ಅಂದ ತಕ್ಷಣ ನೆನಪಾಗುವುದು ಇದೇ ಅಲ್ವಾ? ಅಮಾವಾಸ್ಯೆ ರಾತ್ರಿ, ಪೂಜೆ, ನಿಂಬೆಹಣ್ಣು, ಕುಂಕುಮ, ಬೆಳಗ್ಗೆ ನೋಡಿದರೆ ಪಾಳುಗುಡಿಯ ಬಸವಣ್ಣನ ಕೆಳಗೆ ಗುಂಡಿ. ದುರ್ಗದ ಸುತ್ತಮುತ್ತ ಅಂಥ ಗುಂಡಿ ನಾನೇ ನೋಡಿದ್ದೇನೆ. ಅದನ್ನೆಲ್ಲ ಅವರಿಗೆ ಹೇಳಿದೆ. "ನಿಂಬೆಹಣ್ಣು ಯಾಕೆ?" ಅಂದರು. ವಿವರಿಸುವಷ್ಟರಲ್ಲಿ ನನ್ನ ಟೀ ಆರಿತ್ತು.

ಶನಿವಾರ, ಹೊಲ

ಯಾವ ಊರು, ಯಾವ ಹೊಲ ಅಂತ ಬರೆಯಬಾರದು ಅಂತ ಭಾವನ ಕಟ್ಟಪ್ಪಣೆ. ಕಾರಣ ಮೇಲೆ ಹೇಳಿದ್ದೇ, ರಾತ್ರಿ ಬರುವವರು. ಇಪ್ಸ್‌ವಿಚ್‌ನ ಉತ್ತರಕ್ಕೆ ಅಂದರೆ ಸಾಕು. ರಸ್ತೆ ಎಷ್ಟು ಕಿರಿದು ಅಂದರೆ ಎದುರಿಗೆ ಬೀಟ್‌ರೂಟ್ ಜಾತಿಯ ಸಕ್ಕರೆ ಗಡ್ಡೆಯ ಹೊಲಕ್ಕೆ ಹೊರಟ ಟ್ರ್ಯಾಕ್ಟರ್ ಬಂದಾಗ ನಾವು ಬೇಲಿಗೆ ಕನ್ನಡಿ ಒರೆಸಿಕೊಂಡು ಹಿಂದಕ್ಕೆ ಹೋಗಬೇಕಾಯಿತು. ಟ್ರ್ಯಾಕ್ಟರ್ ಓಡಿಸುತ್ತಿದ್ದವರೇ ಜಮೀನಿನ ಯಜಮಾನರು!

ಈ ದೇಶದಲ್ಲಿ ಡಿಟೆಕ್ಟರ್ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಡ. ಆದರೆ ಜಮೀನಿನವರ ಒಪ್ಪಿಗೆ ಇಲ್ಲದೆ ಕಾಲಿಡುವ ಹಾಗಿಲ್ಲ. ಸಂರಕ್ಷಿತ ಸ್ಮಾರಕ ಅಂತ ಘೋಷಿಸಿದ ಕಡೆ ಸರ್ಕಾರದ ಅನುಮತಿ ಇಲ್ಲದೆ ಮಷೀನು ಆನ್ ಮಾಡಿದರೂ ಅಪರಾಧ. ಭಾವ ಎರಡು ವರ್ಷ ಚರ್ಚ್ ಮೇಳ, ಹಳ್ಳಿ ಪಬ್ಬು ಅಂತ ಸುತ್ತಿ, ನಾಲ್ಕಾರು ರೈತರ ಹತ್ತಿರ ಇಲ್ಲ ಅನ್ನಿಸಿಕೊಂಡು, ಕೊನೆಗೆ ಇವರ ಒಪ್ಪಿಗೆ ಪಡೆದಿದ್ದು. ಸಿಕ್ಕಿದ್ದರಲ್ಲಿ ಅರ್ಧ ಅರ್ಧ ಅಂತ ಬರೆದುಕೊಟ್ಟಿದ್ದಾರೆ, ಅಕ್ಕನ ಹೆಸರೂ ಆ ಕಾಗದದಲ್ಲಿದೆ. ನನಗೋಸ್ಕರ ಮುಂಚೆಯೇ ಫೋನ್ ಮಾಡಿ ಕೇಳಿದ್ದರು. ಎರಡು ದಿನಕ್ಕೆ ಬರುವವರು ಹೀಗೆ ಹೊಲ ಹುಡುಕಿಕೊಳ್ಳೋಕೆ ಆಗಲ್ಲ, ಪರಿಚಯ ಇಲ್ಲದಿದ್ದರೆ ಕ್ಲಬ್‌ನವರು ರೈತರ ಒಪ್ಪಿಗೆ ಪಡೆದು ನಡೆಸುವ ದಿನಗಳಿಗೆ ದುಡ್ಡು ಕೊಟ್ಟು ಸೇರಿಕೊಳ್ಳುವುದೇ ವಾಸಿ.

ಬೆಳಗ್ಗೆ ಮಂಜು ಇತ್ತು. ಕೂಳೆ ಒದ್ದೆ, ಬೂಟಿನ ತುದಿಗೆ ಚುಚ್ಚುತ್ತಿತ್ತು. ನೆಲದ ತುಂಬಾ ಚಕಮಕಿ ಕಲ್ಲು. ಭಾವ ಹಳೇ ಮಷೀನು ನನಗೆ ಕೊಟ್ಟು ಪಾಠ ಶುರು ಮಾಡಿದರು. "ಕಾಯಿಲ್, ಅಂದ್ರೆ ಈ ತುದಿಯ ತಟ್ಟೆ, ನೆಲಕ್ಕೆ ತಾಗೋ ಹಾಗಿರ್ಬೇಕು. ತೂಗೋವಾಗ ತುದಿಯಲ್ಲಿ ಮೇಲಕ್ಕೆ ಎತ್ತಬೇಡ. ನಿಧಾನ. ಇನ್ನೂ ನಿಧಾನ." ಕಬ್ಬಿಣಕ್ಕೆ ಮಷೀನು ಗೊರ್ ಅನ್ನುತ್ತದೆ, ಬೆಳ್ಳಿ ತಾಮ್ರಕ್ಕೆ ಸಣ್ಣ ಗಂಟಲಲ್ಲಿ ಕೀ ಅನ್ನುತ್ತದೆ. ಕಷ್ಟ ಇರುವುದು ನಡುವಿನ ಸ್ವರಗಳಲ್ಲಿ. ಅಲ್ಯುಮಿನಿಯಂ ಚೂರು, ಸೀಸ, ತೆಳ್ಳಗಿನ ಚಿನ್ನ ಎಲ್ಲಾ ಅಲ್ಲೇ ಕೂಗುವುದು, ಅದಕ್ಕೇ ಬಿಡುವ ಹಾಗೂ ಇಲ್ಲ.

ಅಗೆದೆ. ಬಂದೂಕಿನ ತೋಟಾದ ಹಿತ್ತಾಳೆ ತಳ. ಅಗೆದೆ, ಕೋಕ್ ಡಬ್ಬಿಯ ಮುಚ್ಚಳ. ಕೊಯ್ಯುವ ಮಷೀನಿಗೆ ಸಿಕ್ಕಿ ಚಿಂದಿಯಾದ ಇನ್ನೊಂದು ಡಬ್ಬಿ, ಅದರ ಒಂದೊಂದು ಚೂರಿಗೂ ಒಂದೊಂದು ಗುಂಡಿ. ಕೋಟಿನ ಗುಂಡಿಯೂ ಸಿಕ್ಕಿತು, ಹಿಂದೆ ಕೊಕ್ಕೆ ಮುರಿದದ್ದು. ಇಷ್ಟರ ಮಧ್ಯೆ ಪಕ್ಕದ ಹೊಲದಲ್ಲಿ ಹಕ್ಕಿ ಓಡಿಸೋಕೆ ಇಟ್ಟಿದ್ದ ಗ್ಯಾಸ್ ಬಂದೂಕು ಇದ್ದಕ್ಕಿದ್ದಂತೆ ಢಮ್ ಅಂದಾಗ ನಾನು ಹೆಡ್‌ಫೋನ್ ಸಮೇತ ಕೂತುಬಿಟ್ಟೆ. ಭಾವ ದೂರದಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮುಂಚೆ ಹೇಳಬಹುದಿತ್ತು ಅಲ್ವಾ.

ಗುಂಡಿ ತೋಡಿದ ಮೇಲೆ ನಾಣ್ಯ ಹುಡುಕಲು ಕೈಯಲ್ಲಿ ಹಿಡಿಯುವ ಕಡ್ಡಿ ಥರದ ಪುಟ್ಟ ಮಷೀನು ಇನ್ನೊಂದಿದೆ, ಗ್ಯಾರೆಟ್‌ ಕಂಪನಿಯದು. ಕಿತ್ತಳೆ ಬಣ್ಣ, ಆದ್ದರಿಂದ ಎಲ್ಲರೂ ಅದನ್ನು ಕ್ಯಾರೆಟ್ ಅಂತಲೇ ಕರೆಯುತ್ತಾರೆ. ಮಣ್ಣಿಗೆ ಚುಚ್ಚಿದರೆ ಲೋಹದ ಹತ್ತಿರ ಗುಂಯ್ ಅನ್ನುತ್ತದೆ. ಅದು ತೋರಿಸಿದ ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿದಾಗ ನನಗೊಂದು ದುಂಡನೆಯ ತಾಮ್ರದ ಬಿಲ್ಲೆ ಸಿಕ್ಕಿತು. ಖುಷಿಗೆ ಹೆಬ್ಬೆರಳಲ್ಲಿ ಉಜ್ಜೋಕೆ ಹೋದೆ, ಭಾವ "ಏಯ್!" ಅಂತ ಕೂಗಿದರು. ಉಜ್ಜಿದರೆ ಹಸಿರು ಪದರದ ಜೊತೆ ಇದ್ದಬದ್ದ ಅಕ್ಷರವೂ ಹೋಗುತ್ತದಂತೆ. ನೀರು ಚಿಮುಕಿಸಿ ನೋಡಿದರೆ ಒಂದು ಕಡೆ ಯಾರದೋ ದಪ್ಪ ಕುತ್ತಿಗೆ. ಮೂರನೇ ಜಾರ್ಜ್‌ನ ಅರ್ಧ ಪೆನ್ನಿ, ಸವೆದು ಹೋಗಿದೆ ಅಂದರು. ಟಿಪ್ಪು ಜೊತೆ ಇವರ ಕಡೆಯವರು ಕಾದಾಡುತ್ತಿದ್ದಾಗ ಇಲ್ಲಿ ರಾಜನಾಗಿದ್ದವನು. ಇಂಥವು ಇಲ್ಲಿ ರಾಶಿ ಸಿಗುತ್ತವೆ, ಬೆಲೆ ಏನೂ ಇಲ್ಲ. ಆದರೂ ಮಧ್ಯಾಹ್ನದವರೆಗೆ ನಾನು ಅದನ್ನು ಐದಾರು ಸಲ ಡಬ್ಬಿಯಿಂದ ತೆಗೆದು ನೋಡಿದೆ.

ಸಂಜೆ ಹಳ್ಳಿಯ ಪಬ್ಬಿನಲ್ಲಿ ದಪ್ಪ ಚಿಪ್ಸ್‌ಗೆ ವಿನಿಗರ್ ಹಾಕಿಕೊಂಡು ತಿನ್ನುವಾಗ ಭಾವ ಹೆರೆಫರ್ಡ್‌ಶೈರ್ ಕಥೆ ತೆಗೆದರು. 2015ರಲ್ಲಿ ಇಬ್ಬರು ಡಿಟೆಕ್ಟರ್‌ನವರಿಗೆ ವೈಕಿಂಗ್ ಕಾಲದ ದೊಡ್ಡ ಗಂಟು ಸಿಕ್ಕಿತು. ಸುಮಾರು 300 ನಾಣ್ಯ ಇತ್ತಂತೆ. ಯಾರಿಗೂ ಹೇಳದೆ ಮಾರಲು ಹೋದರು. 2019ರಲ್ಲಿ ಜೈಲು ಶಿಕ್ಷೆಯಾಯಿತು. ವಾಪಸ್ ಸಿಕ್ಕಿದ್ದು ಮೂವತ್ತರ ಆಸುಪಾಸು ನಾಣ್ಯ. ಆ ಕೆಲವದರಲ್ಲೇ ಎರಡು ರಾಜ್ಯದ ರಾಜರು, ವೆಸೆಕ್ಸ್‌ನ ಆಲ್ಫ್ರೆಡ್ ಮತ್ತು ಮರ್ಸಿಯಾದ ಸಿಯೋಲ್‌ವುಲ್ಫ್, ಒಂದೇ ಮಾದರಿಯ ನಾಣ್ಯ ಹೊರಡಿಸಿದ್ದು ಕಾಣುತ್ತದೆ. ಅಂದರೆ ಇಬ್ಬರೂ ಜೊತೆಗಿದ್ದರು. ಆಲ್ಫ್ರೆಡ್ ಕಡೆಯವರು ಬರೆದ ಇತಿಹಾಸ ಮಾತ್ರ ಸಿಯೋಲ್‌ವುಲ್ಫ್‌ನನ್ನು ಕೈಲಾಗದವನು ಅಂತ ತಳ್ಳಿಹಾಕಿದೆ. "ಮಿಕ್ಕಿದ್ದು ಸಿಕ್ಕಿದ್ರೆ ಇನ್ನೇನೇನು ಗೊತ್ತಾಗ್ತಿತ್ತೋ" ಅಂತ ಭಾವ ಸ್ವಂತ ಮನೆಯಲ್ಲಿ ಕಳುವಾದವರ ಥರ ಸಿಟ್ಟಾದರು.

ಭಾನುವಾರ, ಮಳೆ ಮತ್ತು ಅಕ್ಕ

ಮಳೆ ಜೋರಾಗಿರಲಿಲ್ಲ, ನಿಲ್ಲಲೂ ಇಲ್ಲ. ಈ ಭಾಗದ ಜೇಡಿಮಣ್ಣು ಒದ್ದೆಯಾದರೆ ಬೂಟು ಬಿಡಲ್ಲ. ನಾನು ಹಾಕಿಕೊಂಡಿದ್ದು ಭಾವನ ಹಳೇ ಗಂ ಬೂಟು, ಒಂದು ಸೈಜ್ ದೊಡ್ಡದು. ಗೇಟಿನ ಹತ್ತಿರ ಕಾಲು ಮುಂದೆ ಬಂತು, ಬೂಟು ಅಲ್ಲೇ ಉಳಿಯಿತು. ಕಾಲುಚೀಲದಲ್ಲಿ ಒಂದು ಹೆಜ್ಜೆ ಇಟ್ಟ ಮೇಲೆಯೇ ಗೊತ್ತಾಗಿದ್ದು. ಪಕ್ಕದ ಹುಲ್ಲುಗಾವಲಿನ ಹೋರಿಗರುಗಳು ಬೇಲಿಗೆ ಸಾಲಾಗಿ ಬಂದು ನಿಂತು ಅದನ್ನೆಲ್ಲ ನೋಡಿದವು.

ಹನ್ನೊಂದರವರೆಗೆ ಒಂದು ದೊಡ್ಡ ಸದ್ದಿಗೆ ನಾವಿಬ್ಬರೂ ಸೇರಿ ಮೊಣಕೈ ಆಳ ತೋಡಿದೆವು. ಸಿಕ್ಕಿದ್ದು ನೇಗಿಲಿನ ಗುಳ. ಯಜಮಾನರು ಅದನ್ನು ನೋಡಿ, "ಇದು ನಮ್ಮಪ್ಪಂದು ಇರ್ಬೇಕು" ಅಂದು ಟ್ರ್ಯಾಕ್ಟರ್‌ಗೆ ಹಾಕಿಕೊಂಡರು. ನಿಮ್ಮ ಕಡೆ ಏನು ಬೆಳೀತೀರಿ ಅಂತ ಕೇಳಿದರು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಅಂದೆ. ಮಳೆ ಹೇಗೆ ಅಂದರು. ಬರಲ್ಲ ಅಂದೆ. ಇಲ್ಲಿ ನಿಲ್ಲಲ್ಲ ಅಂದರು. ಆಮೇಲೆ ಗೊಬ್ಬರದ ರೇಟು, ಗೋಧಿ ರೇಟು, ಮಗ ಊರು ಬಿಟ್ಟು ಹೋಗಿದ್ದು, ಎಲ್ಲಾ ಮಾತಾಡಿದೆವು. ಹೊಸದುರ್ಗದ ಸಂತೆಯಲ್ಲಿ ಕೇಳಿಸುವ ಮಾತೇ.

ಮಧ್ಯಾಹ್ನ ಅಕ್ಕ ಊಟ ತಂದಳು. ಒಗ್ಗರಣೆ ಮಂಡಕ್ಕಿ, ಚಪಾತಿ ಸುರುಳಿ, ಫ್ಲಾಸ್ಕ್‌ನಲ್ಲಿ ಟೀ. ಅವಳಿಗೆ ಈ ಹವ್ಯಾಸ ಕಂಡರೆ ಆಗಲ್ಲ. ಕಾರಿನ ಡಿಕ್ಕಿಯಲ್ಲಿ ಮಣ್ಣು, ವಾಷಿಂಗ್ ಮಷೀನಿನಲ್ಲಿ ಮಣ್ಣು. ನಾವು ಡಿಕ್ಕಿ ಬಾಗಿಲ ಕೆಳಗೆ ಕೂತು ತಿನ್ನುವಾಗ, "ಕೊಡ್ರಿ ಇಲ್ಲಿ, ಅದೇನು ನೋಡೇಬಿಡ್ತೀನಿ" ಅಂತ ಛತ್ರಿ ಒಂದು ಕೈಯಲ್ಲಿ, ಭಾವನ ಹೊಸ ಮಷೀನು ಇನ್ನೊಂದು ಕೈಯಲ್ಲಿ ಹಿಡಿದು ಹೊರಟಳು. ಹತ್ತು ನಿಮಿಷ ಆಗಿಲ್ಲ, "ರೀ, ಇದು ಬಾಯಿ ಮುಚ್ಚುತ್ತಾನೇ ಇಲ್ಲ" ಅಂತ ಕೂಗಿದಳು.

ಭಾವ ಮಂಡಕ್ಕಿ ಬಿಟ್ಟು ಓಡಿದರು. ಒಂದು ಗುದ್ದಲಿ ಮಣ್ಣು, ಕ್ಯಾರೆಟ್ ಗುಂಯ್ ಅಂದಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಅಕ್ಕನ ಅಂಗೈಯಲ್ಲಿ ಒಂದು ಬೂದು ಚೂರು, ಹೆಬ್ಬೆರಳ ಉಗುರಿನ ಅರ್ಧವೂ ಇಲ್ಲ. ಎರಡು ಅಂಚು ನೆಟ್ಟಗೆ, ಒಂದು ಅಂಚು ಬಾಗು. ಒಂದು ಮುಖದಲ್ಲಿ ಮೂಲೆಗೆ ಮೂರು ಪುಟ್ಟ ಬೊಟ್ಟು, ಅಂಚಿನಲ್ಲಿ ಎರಡೂವರೆ ಅಕ್ಷರ. ಇನ್ನೊಂದು ಮುಖದಲ್ಲಿ ರಾಜನ ಗುಂಗುರು ಕೂದಲು, ಒಂದು ಕಣ್ಣು.

ಮೂರನೇ ಹೆನ್ರಿಯ ಬೆಳ್ಳಿ ಪೆನ್ನಿಯ ಕಾಲು ಭಾಗ. 1247ರಲ್ಲಿ ಇಂಥ ಪೆನ್ನಿ ಬಂತು. ಹಿಂಬದಿಯ ಶಿಲುಬೆಯನ್ನು ಅಂಚಿನವರೆಗೂ ಎಳೆದಿದ್ದರು, ಯಾರಾದರೂ ಅಂಚಿನ ಬೆಳ್ಳಿ ಕತ್ತರಿಸಿಕೊಂಡರೆ ತಕ್ಷಣ ಗೊತ್ತಾಗಲಿ ಅಂತ. ಚಿಲ್ಲರೆ ನಾಣ್ಯ ಇರಲಿಲ್ಲವಾದ್ದರಿಂದ ಜನ ಅದೇ ಶಿಲುಬೆಯ ಗೆರೆ ಹಿಡಿದು ಪೆನ್ನಿಯನ್ನೇ ಎರಡು, ನಾಲ್ಕು ತುಂಡು ಮಾಡಿ ಕೊಟ್ಟು ತಗೊಂಡು ಮಾಡುತ್ತಿದ್ದರು. ದುಂಡನೆಯ ಕಾಲು ಪೆನ್ನಿ ಬಂದಿದ್ದು 1279ರಲ್ಲಿ, ಮೊದಲನೇ ಎಡ್ವರ್ಡ್ ಕಾಲಕ್ಕೆ. ನಮ್ಮಲ್ಲಿ ಕಾಲು ಹಣಕ್ಕೆ ಹಾಗ ಅಂತ ಬೇರೆ ನಾಣ್ಯವೇ ಇತ್ತು, ಇವರು ಕತ್ತರಿಯಲ್ಲೇ ಸುಧಾರಿಸಿಕೊಂಡಿದ್ದಾರೆ. ಯಾರೋ ಬಿತ್ತುವಾಗಲೋ ಕೊಯ್ಯುವಾಗಲೋ ಬೀಳಿಸಿಕೊಂಡಿದ್ದು. ಅವತ್ತು ಸಂಜೆ ಮನೆಗೆ ಹೋಗಿ ಸೊಂಟದ ಚೀಲ ತಡಕಾಡಿಕೊಂಡಿರುತ್ತಾನೆ ಪಾಪ.

ಭಾವನ ಮುಖ ನೋಡಬೇಕಿತ್ತು. ಆ ಹೊಲದಲ್ಲಿ ಎರಡು ಸೀಸನ್ ಸುತ್ತಿದ್ದರೂ ಅವರಿಗೆ ಕಾಲು ಪೆನ್ನಿ ಸಿಕ್ಕಿರಲಿಲ್ಲ. ಆದರೂ ಶಿಸ್ತಾಗಿ ಫೋನಿನಲ್ಲಿ ಜಾಗದ ಗುರುತು ಹಿಡಿದು, ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ನಂಬರ್ ಬರೆದು, ಗುಂಡಿ ಮುಚ್ಚಿದರು. ಅಕ್ಕ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಟೀ ಬಗ್ಗಿಸಿದಳು.

ಸೋಮವಾರ, ಅಧಿಕಾರಿಯ ಮೇಜು

ಭಾವ ರಜೆ ಹಾಕಿದರು. ಕೌಂಟಿಗೆ ಒಬ್ಬರಂತೆ ಇಂಥ ವಸ್ತು ನೋಡಿ ದಾಖಲಿಸುವ ಅಧಿಕಾರಿ ಇರುತ್ತಾರೆ, 1997ರಿಂದ ನಡೆಯುತ್ತಿರುವ ಯೋಜನೆ ಇದು. ಮುಂಚೆಯೇ ಹೇಳಿ ಹೋಗಬೇಕು. ಇಡೀ ಇಂಗ್ಲೆಂಡ್, ವೇಲ್ಸ್‌ನಿಂದ 15 ಲಕ್ಷಕ್ಕೂ ಜಾಸ್ತಿ ವಸ್ತು ಈ ದಾಖಲೆಗೆ ಸೇರಿವೆ. ಹೆಚ್ಚಿನವನ್ನು ಕೊಟ್ಟಿದ್ದು ಭಾವನಂಥ ವಾರಾಂತ್ಯದವರೇ.

ಕಾನೂನಿನ ಪ್ರಕಾರ ಅಕ್ಕನ ಚೂರು ನಿಧಿ ಅಲ್ಲ. 1996ರ ಕಾಯಿದೆಯಲ್ಲಿ 300 ವರ್ಷ ದಾಟಿದ ಬೆಳ್ಳಿ, ಚಿನ್ನದ ನಾಣ್ಯ ಒಂದೇ ಕಡೆ ಎರಡಾದರೂ ಸಿಗಬೇಕು. ಹಾಗೆ ಸಿಕ್ಕರೆ 14 ದಿನದೊಳಗೆ ತಿಳಿಸಲೇಬೇಕು. ಯಾರಿಗೆ ಗೊತ್ತಾ? ಅಸಹಜ ಸಾವಿನ ವಿಚಾರಣೆ ಮಾಡುವ ಕಾರೋನರ್‌ಗೆ. ಹೆಣ, ಹೊನ್ನು ಎರಡೂ ಒಬ್ಬರದೇ ಖಾತೆ. ಒಂಟಿ ನಾಣ್ಯ ತೋರಿಸುವುದು ಕಡ್ಡಾಯವಲ್ಲ, ಮರ್ಯಾದಸ್ಥರು ತೋರಿಸುತ್ತಾರೆ.

ಅಧಿಕಾರಿ ಅಂದರೆ ನನ್ನ ವಯಸ್ಸಿನ ಹೆಂಗಸು, ಮೇಜಿನ ತುಂಬಾ ಪುಟ್ಟ ಚೀಲಗಳು. ಚೂರನ್ನು ತೂಗಿದರು, ಅಳೆದರು, ಎರಡೂ ಮುಖದ ಫೋಟೋ ತೆಗೆದರು. ಆ ಎರಡೂವರೆ ಅಕ್ಷರ ಇಟ್ಟುಕೊಂಡು ನಾಣ್ಯ ಅಚ್ಚು ಹಾಕಿಸಿದವನ ಹೆಸರು, ಊರು ಹುಡುಕಬಹುದು, ಸಮಯ ಬೇಕು ಅಂದರು. ಭಾವನಿಗೆ ಸಿಕ್ಕಿದ್ದ ಒಂದು ಸೀಸದ ಗುಂಡನ್ನೂ ನೋಡಿದರು. ನನ್ನ ಜಾರ್ಜ್‌ನನ್ನು ನೋಡಿ ನಗುತ್ತಾ ವಾಪಸ್ ಕೊಟ್ಟರು.

ಭಾವನ ಹಳೇ ಮಷೀನು ಊರಿಗೆ ಒಯ್ಯಲಾ ಅಂತ ವಾಪಸ್ ಬರುವಾಗ ಕೇಳಿದೆ. ಒಯ್ದು ಏನು ಮಾಡ್ತೀಯ ಅಂದರು. ನಮ್ಮಲ್ಲಿ 1878ರ ಕಾಯಿದೆಯೇ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು ಅನ್ನುತ್ತದೆ, ಕರ್ನಾಟಕಕ್ಕೆ 1962ರದು ಬೇರೆ ಇದೆ. ಕೋಟೆ, ಗುಡಿ ಹತ್ತಿರ ಸುಳಿಯುವಂತಿಲ್ಲ. ಅದೂ ಅಲ್ಲದೆ ದುರ್ಗದಲ್ಲಿ ಹೊಲದ ನಡುವೆ ಹೆಡ್‌ಫೋನ್ ಹಾಕಿಕೊಂಡು ನೆಲ ನೋಡುತ್ತಾ ನಡೆದರೆ ಮೊದಲು ಜನ, ಆಮೇಲೆ ಪೊಲೀಸರು ಸೇರುತ್ತಾರೆ ಅಂದರು. ಸರಿ ಅನ್ನಿಸಿತು. ಅಕ್ಕನ ಚೂರನ್ನಾದರೂ ಅಮ್ಮನಿಗೆ ತೋರಿಸಿ ಬರೋಣ ಅಂದರೆ, ಇಲ್ಲಿನ ಮಣ್ಣಲ್ಲಿ ಸಿಕ್ಕ ಹಳೇ ವಸ್ತು ಆಚೆ ದೇಶಕ್ಕೆ ಒಯ್ಯೋಕೆ ರಫ್ತು ಪರವಾನಗಿಯ ಗೋಜು. ಫೋಟೋ ತಗೊಂಡು ಬಂದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಇಷ್ಟಕ್ಕೆ ಅಷ್ಟು ದೂರ ಹೋಗಿ ಮಣ್ಣು ಕೆದರಿದ್ರಾ" ಅಂದಳು.

ಚೂರು ದಾಖಲಾಗಿ ಅಕ್ಕನ ಕೈಗೆ ವಾಪಸ್ ಬಂದಿದೆ. ಯಜಮಾನರು ಅರ್ಧ ಪಾಲು ಬೇಡ, ಮಂಡಕ್ಕಿ ಇನ್ನೊಂದು ಸಲ ತಂದರೆ ಸಾಕು ಅಂದರಂತೆ. ಹೊಲ ಬಿತ್ತಿದ್ದಾಗಿದೆ, ಇನ್ನು ಮುಂದಿನ ಕೊಯ್ಲಿನವರೆಗೆ ಕಾಲಿಡುವ ಹಾಗಿಲ್ಲ. ಅಷ್ಟರೊಳಗೆ ಅಕ್ಕನಿಗೆ ಸ್ವಂತ ಮಷೀನು ಬೇಕಂತೆ, ಭಾವ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದಾರೆ.